ಎಡಗೆನ್ನೆಯ ಮಚ್ಚೆ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಗೌರೀಶನ ಸ್ಟುಡಿಯೋ ಹುಡುಕಿಕೊಂಡು ಬರುವವರು ಬೋರ್ಡಿನ ಮೇಲಿನ ಹೆಸರನ್ನು ಓದುತ್ತಿರಲಿಲ್ಲ. ಹೆಸರಿನ ಕೆಳಗೆ, ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಇದ್ದದ್ದು ಇದ್ದ ಹಾಗೆ' ಎಂದು ಬರೆದಿತ್ತಲ್ಲ, ಅದನ್ನು ಓದುತ್ತಿದ್ದರು. ಅದು ಬರೀ ಬೋರ್ಡಿನ ಮಾತಲ್ಲ, ಗೌರೀಶನ ವ್ರತ. ಹಾಸನದ ಕಡೆ ಫೋಟೋ ತೆಗೆಸಿದರೆ ಕಪ್ಪಗಿದ್ದವರು ಬೆಳ್ಳಗಾಗುತ್ತಿದ್ದರು, ಬೋಳುತಲೆಯ ಮೇಲೆ ಬೆಳೆ ಬರುತ್ತಿತ್ತು, ಐವತ್ತರ ಹೆಂಗಸು ಮಗಳ ಜೊತೆ ನಿಂತರೆ ಇವರಲ್ಲಿ ತಾಯಿ ಯಾರು ಎಂದು ಆಣೆ ಮಾಡಿ ಹೇಳಬೇಕಾಗುತ್ತಿತ್ತು. ಗೌರೀಶನ ಹತ್ತಿರ ಅದೆಲ್ಲ ನಡೆಯುತ್ತಿರಲಿಲ್ಲ. ಮೊಡವೆ ಇದ್ದರೆ ಮೊಡವೆ, ಮಾಲುಗಣ್ಣಿದ್ದರೆ ಮಾಲುಗಣ್ಣು. ಕಂಪ್ಯೂಟರಿನಲ್ಲಿ ಒಂಚೂರು ತಿದ್ದಿಕೊಡಪ್ಪ ಎಂದು ಗೋಗರೆದವರಿಗೆ, ಮುಖ ತಿದ್ದೋದು ನಿಮ್ಮ ಅಪ್ಪ ಅಮ್ಮನ ಕೈಯಲ್ಲಿತ್ತು, ಅವರು ಬಿಟ್ಟಿದ್ದನ್ನು ನಾನು ಮಾಡೋಕಾಗಲ್ಲ ಎಂದು ಹೇಳಿ ಕಳಿಸುತ್ತಿದ್ದ.

ಇಂಥ ಹಟಮಾರಿ ಈ ಕಾಲದಲ್ಲಿ ಅಂಗಡಿ ಮುಚ್ಚಿ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ, ಅದಕ್ಕೆ ಕಾರಣ ಮದುವೆ ದಲ್ಲಾಳಿ ಗಂಗಾಧರಯ್ಯ. ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೆ ಯಾವ ಜಾತಿ, ಯಾವ ಗೋತ್ರ ಎಂದು ನೋಡದೆ ಎಲ್ಲರ ಮನೆಯ ಜಾತಕವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಓಡಾಡುವ ಮನುಷ್ಯ. ಹಿಂದೊಮ್ಮೆ ತಿದ್ದಿದ ಫೋಟೋ ತೋರಿಸಿ ಗಂಡಿನವರನ್ನು ಕರೆದುಕೊಂಡು ಹೋದಾಗ, ಹುಡುಗಿಯೇ ಬಂದು ಕಾಫಿ ಕೊಟ್ಟು ಎದುರಿಗೆ ಕೂತ ಮೇಲೂ ಅವರು, ಸರಿ, ಇನ್ನು ಹುಡುಗೀನ ಕರೀರಿ ಎಂದಿದ್ದರು. ಆವತ್ತು ಗಂಗಾಧರಯ್ಯ ಎರಡೂ ಕಡೆಯಿಂದ ತಿಂದ ಬೈಗುಳ ಅಷ್ಟಿಷ್ಟಲ್ಲ. ಅಂದಿನಿಂದ ಅವನದೊಂದು ಕಾನೂನು: ಗಂಡಾಗಲಿ ಹೆಣ್ಣಾಗಲಿ, ತನ್ನ ಚೀಲಕ್ಕೆ ಬೀಳಬೇಕಾದರೆ ಗೌರೀಶನ ಕೈಯಲ್ಲೇ ಫೋಟೋ ತೆಗೆಸಬೇಕು, ಫೋಟೋ ಸ್ಟುಡಿಯೋದಿಂದ ನೆಟ್ಟಗೆ ತನ್ನ ಕೈಗೇ ಬರಬೇಕು. ಹೀಗಾಗಿ ಸುತ್ತ ಮೂರು ತಾಲ್ಲೂಕಿನಲ್ಲಿ 'ಗೌರೀಶನ ಫೋಟೋ' ಎಂದರೆ ಸರ್ಕಾರಿ ಮೊಹರು ಬಿದ್ದ ಕಾಗದಕ್ಕಿಂತ ಒಂದು ಕೈ ಮೇಲು ಎಂದಾಯಿತು. ಆ ಹೆಸರೇ ಗೌರೀಶನ ಆಸ್ತಿ. ಬೇರೆ ಆಸ್ತಿ ಏನೂ ಇರಲಿಲ್ಲ ಬಿಡಿ.

ಕೆಲಸದ ರೀತಿಯೂ ಅಷ್ಟೇ ಕಟ್ಟುನಿಟ್ಟು. ಕುರ್ಚಿಯನ್ನು ನೆಲಕ್ಕೆ ಸ್ಕ್ರೂ ಹಾಕಿ ಬಿಗಿದಿದ್ದ. ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಯ ಮೂರು ಕಾಲಿಗೂ ನೆಲದ ಮೇಲೆ ಕೆಂಪು ಬಣ್ಣದ ಗುರುತು ಹಾಕಿದ್ದ. ಎತ್ತರದವರು ಬಂದರೆ ಕುರ್ಚಿಯ ದಿಂಬು ತೆಗೆಯುವುದು, ಗಿಡ್ಡಗಿರುವವರು ಬಂದರೆ ಎರಡು ದಿಂಬು ಹಾಕುವುದು. ಯಾರೇ ಬಂದು ಕೂರಲಿ, ಫೋಟೋದಲ್ಲಿ ಮೂಗು ಬರುವ ಜಾಗಕ್ಕೇ ಮೂಗು ಬರಬೇಕು, ಕೆನ್ನೆ ಬರುವ ಜಾಗಕ್ಕೇ ಕೆನ್ನೆ ಬರಬೇಕು. ಅಳತೆಯಲ್ಲೂ ಮೋಸ ಇರಬಾರದು ಎಂಬುದು ಅವನ ವಾದ. ಆ ಶಿಸ್ತೇ ಅವನನ್ನು ಹಳ್ಳಕ್ಕೆ ಕೆಡವಿತು.

ಕೋಟೆ ಬೀದಿಯ ಪಟ್ಟಾಭಿರಾಮ ಮೇಷ್ಟ್ರು ಗೌರೀಶನಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಅವರ ಮಗಳು ಆರತಿ ಅರಕಲಗೂಡಿನ ಪಿಯು ಕಾಲೇಜೊಂದರಲ್ಲಿ ಗಣಿತದ ಲೆಕ್ಚರರ್. ವಯಸ್ಸು ಮೂವತ್ತೊಂದು. ಬಂದು ನೋಡಿಕೊಂಡು ಹೋದವರು ಹನ್ನೊಂದು ಮನೆಯವರು. ಒಬ್ಬರಿಗೆ ಎತ್ತರ ಹೆಚ್ಚಾಯಿತು, ಒಬ್ಬರಿಗೆ ನಕ್ಷತ್ರ ಕೂಡಲಿಲ್ಲ, ಇನ್ನೊಬ್ಬರಿಗೆ ಹುಡುಗಿ ತಿರುಗಿ ಪ್ರಶ್ನೆ ಕೇಳುತ್ತಾಳೆ ಎಂದು ಬೇಸರವಾಯಿತು. ಹನ್ನೆರಡನೆಯದಾಗಿ ಗಂಗಾಧರಯ್ಯ ಚನ್ನರಾಯಪಟ್ಟಣದ ಸಂಬಂಧ ತಂದ. ಹುಡುಗ ವಂಶಿ ಬ್ಯಾಂಕ್ ಆಫೀಸರು, ಸಾಧು ಪ್ರಾಣಿ. ಮನೆಯ ಯಜಮಾನಿಕೆ ಅವನ ಅಜ್ಜಿ ಶ್ರೀರಂಗಮ್ಮನವರದು. ಎಂಬತ್ತೆರಡು ವರ್ಷದ ಈ ಮಹಾತಾಯಿ ಮುಖ ನೋಡಿ, ಅಂಗಾಲು ನೋಡಿ ಭವಿಷ್ಯ ಹೇಳುವುದರಲ್ಲಿ ತಮಗೆ ತಾವೇ ವಿಶ್ವವಿದ್ಯಾಲಯ. ಆರತಿಯ ಫೋಟೋ ಕೈಗೆ ಬಂದದ್ದೇ ಭೂತಗನ್ನಡಿ ಹಿಡಿದು, ಎಡಗೆನ್ನೆಯ ಮೇಲೆ ಎಳ್ಳುಕಾಳಿನಷ್ಟು ಮಚ್ಚೆ ಕಂಡು, ಇವಳೇ ನಮ್ಮನೆ ಸೊಸೆ ಎಂದುಬಿಟ್ಟರು. ಮಚ್ಚೆಯ ಶಾಸ್ತ್ರ ಅವರ ಪ್ರಕಾರ ಒಂದೇ ಸಾಲಿನದು. ಹೆಣ್ಣಿಗೆ ಎಡ, ಗಂಡಿಗೆ ಬಲ, ಅದಲುಬದಲಾದರೆ ಮನೆ ಮುರಿಯಿತು.

ಸಂಕ್ರಾಂತಿ ಕಳೆದ ಭಾನುವಾರ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಂಡರು. ಶ್ರೀರಂಗಮ್ಮ ಚನ್ನರಾಯಪಟ್ಟಣದ ತೆಂಗಿನಕಾಯಿ ಎರಡು ಡಜನ್ ತಂದು ಇಳಿಸಿ, ಆರತಿಯ ಪಕ್ಕದಲ್ಲೇ ಕೂತು ಎಡಗೆನ್ನೆ ನೋಡಿದರು. ಮಚ್ಚೆ ಇರಲಿಲ್ಲ. ಪೌಡರು ಮೆತ್ತಿರಬೇಕು ಎಂದುಕೊಂಡು, ಎದುರಿಗೆ ಕೂತಿದ್ದ ವಂಶಿಯೂ ಸೇರಿ ಎಲ್ಲರೆದುರಿಗೆ ಸೆರಗಿನ ತುದಿಯಿಂದ ಕೆನ್ನೆ ಒರೆಸಿದರು. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ಇನ್ನೊಮ್ಮೆ ಒರೆಸಿದರು. ಆಮೇಲೆ ಫೋಟೋ ನೋಡಿದರು, ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಕೊನೆಗೆ ಫೋಟೋದ ಪಕ್ಷ ವಹಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ ದೊಡ್ಡವರು. ಇಲ್ಲಿ ಕನ್ನಡಿಗೆ ಪಟ್ಟ ಕಟ್ಟಿ ಅಂಗೈಯನ್ನೇ ಸುಳ್ಳು ಎಂದರು.

ಅವರ ತರ್ಕ ಕೇಳಿ. ಗೌರೀಶನ ಫೋಟೋ ಸುಳ್ಳು ಹೇಳುವುದಿಲ್ಲ. ಫೋಟೋದಲ್ಲಿ ಮಚ್ಚೆ ಇದೆ. ಆದ್ದರಿಂದ ಹುಡುಗಿಗೆ ಮಚ್ಚೆ ಇತ್ತು. ಈಗ ಇಲ್ಲ. ಆದ್ದರಿಂದ ತೆಗೆಸಿಕೊಂಡಿದ್ದಾಳೆ. ಹಾಸನದಲ್ಲಿ ಲೇಸರ್ ಹಾಕಿ ಮಚ್ಚೆ ಸುಡುವ ಚರ್ಮದ ಡಾಕ್ಟರುಗಳು ಇದ್ದಾರಲ್ಲ. ದೇವರು ಕೊಟ್ಟ ಲಕ್ಷಣವನ್ನೇ ಸುಡಿಸಿಕೊಂಡವಳು ನಾಳೆ ನಮ್ಮ ಮನೆಯಲ್ಲಿ ಇನ್ನೇನು ಸುಡುತ್ತಾಳೋ ಎಂದು ಮಂಗಳವಾರ ಗಂಗಾಧರಯ್ಯನ ಮೂಲಕ ಹೇಳಿ ಕಳಿಸಿದರು. ಮೇಷ್ಟ್ರು ಮಗಳ ಚಿಕ್ಕಂದಿನ ಫೋಟೋಗಳನ್ನು ಮೊಬೈಲಿನಲ್ಲಿ ಕಳಿಸಿಕೊಟ್ಟರೆ, ಮಚ್ಚೆ ವಯಸ್ಸಿಗೆ ಬಂದ ಮೇಲೂ ಹುಟ್ಟುತ್ತೆ ಎಂದು ಉತ್ತರ ಬಂತು. ಗಂಗಾಧರಯ್ಯನ ಬಾಯಿಗೆ ಬಿದ್ದ ಸುದ್ದಿ ನಿಲ್ಲುವುದುಂಟೇ? ಸಂಜೆಯೊಳಗೆ ಅರಕಲಗೂಡಿನ ಸ್ಟಾಫ್ ರೂಮಿಗೂ ಮುಟ್ಟಿ, ಸಹೋದ್ಯೋಗಿಯೊಬ್ಬಳು ಆರತಿಯ ಕೆನ್ನೆಯನ್ನೇ ನೋಡುತ್ತ, ಗುರುತೂ ಉಳಿದಿಲ್ವಲ್ಲ, ಯಾವ ಕ್ಲಿನಿಕ್ಕು ಎಂದು ಕೇಳಿದಳು.

ಅದೇ ಸಂಜೆ ಮೇಷ್ಟ್ರು ಸ್ಟುಡಿಯೋಗೆ ಬಂದರು. ಬಂದವರು ಕೂರಲಿಲ್ಲ.

"ಏನೋ ಗೌರೀಶ, ನನ್ನ ಮಗಳ ಮುಖಕ್ಕೆ ಮಸಿ ಬಳಿದೆಯಲ್ಲೋ," ಎಂದರು.

ಗೌರೀಶ ಅಮ್ಮನಾಣೆ, ದೇವರಾಣೆ ಎಂದು ಎಲ್ಲ ಆಣೆಯನ್ನೂ ಹಾಕಿ, ತಾನು ಏನೂ ಸೇರಿಸಿಲ್ಲ ಎಂದು ತೋರಿಸಲು ಕಂಪ್ಯೂಟರ್ ತೆರೆದ. ಆರತಿಯ ಫೋಟೋದಲ್ಲಿ ಮಚ್ಚೆ ಇತ್ತು. ನಿಜಕ್ಕೂ ಇತ್ತು. ಇರಲಿ ಎಂದು ಮುಂದಿನ ಫೋಟೋ ತೆಗೆದ. ಅದು ಬಡ್ತಿಗೆ ಅರ್ಜಿ ಹಾಕಿದ್ದ ಪೊಲೀಸ್ ಪೇದೆಯದು; ಎಡಗೆನ್ನೆ, ಎಳ್ಳುಕಾಳು. ಅದರ ಮುಂದಿನದು ಲೈಸೆನ್ಸಿಗೆ ತೆಗೆಸಿಕೊಂಡ ಲಾರಿ ಡ್ರೈವರನದು; ಎಡಗೆನ್ನೆ, ಎಳ್ಳುಕಾಳು. ಅದರ ಮುಂದೆ ಪಿಂಚಣಿಗೆಂದು ಕೂರಿಸಿ ತೆಗೆದ ಅವನ ಸ್ವಂತ ತಾಯಿ ಬಸವಲಿಂಗಮ್ಮ ಕೂತಿದ್ದಳು. ಎಪ್ಪತ್ತು ವರ್ಷ ಕೆನ್ನೆಯ ಮೇಲೆ ಏನೂ ಇಲ್ಲದೆ ಬದುಕಿದ ಹೆಂಗಸಿಗೂ ಅದೇ ಜಾಗದಲ್ಲಿ ಮಚ್ಚೆ. ಗೌರೀಶ ಮೇಷ್ಟ್ರಿಗೆ ಸ್ಕ್ರೀನು ಕಾಣದ ಹಾಗೆ ಅಡ್ಡ ನಿಂತು, ನೋಡಿ ಹೇಳ್ತೀನಿ ಸಾ ಎಂದ. ಪಾಠ ಹೇಳಿದ ಗುರುಗಳು ನಂಬಿ ಹೊರಟು ಹೋದರು. ಸುಳ್ಳನ್ನೇ ಹೇಳದವನು ಅವತ್ತು ಸುಳ್ಳು ಹೇಳಲಿಲ್ಲ ನಿಜ, ಆದರೆ ನಿಜವನ್ನೂ ಹೇಳಲಿಲ್ಲ.

ಒಬ್ಬನೇ ಆದ ಮೇಲೆ ಬಿಳಿ ಗೋಡೆಯ ಫೋಟೋ ತೆಗೆದು ನೋಡಿದ. ಗೋಡೆಗೂ ಮಚ್ಚೆ ಇತ್ತು. ಕ್ಯಾಮೆರಾದ ಲೆನ್ಸ್ ಬಿಚ್ಚಿದರೆ ಒಳಗೆ ದೊಡ್ಡ ಅಂಚೆಚೀಟಿಯಷ್ಟು ಗಾಜಿನ ಬಿಲ್ಲೆಯೊಂದು ಕಾಣುತ್ತದೆ, ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಹಿಂದೆ ರೀಲು ಮಾಡುತ್ತಿದ್ದ ಕೆಲಸ ಈಗ ಅದರದು. ಅದರ ಮೇಲೆ ಒಂದು ಕಣ ಧೂಳು ಕೂತರೆ ಸಾಕು, ತೆಗೆದ ಪ್ರತಿ ಫೋಟೋದಲ್ಲೂ ಅದೇ ಜಾಗಕ್ಕೆ ಅದರ ನೆರಳು ಬೀಳುತ್ತದೆ. ಬೇರೆಯವರ ಸ್ಟುಡಿಯೋದಲ್ಲಾಗಿದ್ದರೆ ಆ ಚುಕ್ಕೆ ಒಬ್ಬರಿಗೆ ಕಿವಿಗೆ, ಒಬ್ಬರಿಗೆ ಕಾಲರಿಗೆ ಬಿದ್ದು, ತಿದ್ದುವಾಗ ಅಳಿಸಿಯೂ ಹೋಗುತ್ತಿತ್ತು. ಇವನ ಸ್ಕ್ರೂ ಹಾಕಿದ ಕುರ್ಚಿ, ಕೆಂಪು ಗುರುತು, ತಿದ್ದುವುದಿಲ್ಲ ಎಂಬ ವ್ರತ, ಮೂರೂ ಸೇರಿ ಧೂಳಿಗೆ ಖಾಯಂ ಕೆನ್ನೆ ಒದಗಿಸಿಕೊಟ್ಟಿದ್ದವು. ಮೂರು ತಿಂಗಳಿನಿಂದ ತಾಲ್ಲೂಕಿಗೆ ತಾಲ್ಲೂಕೇ ಒಂದೇ ತಾಯಿಯ ಮಕ್ಕಳ ಹಾಗೆ ಎಡಗೆನ್ನೆಯಲ್ಲಿ ಮಚ್ಚೆ ಇಟ್ಟುಕೊಂಡು ಕೂತಿತ್ತು.

ಹಾಸನಕ್ಕೆ ಒಯ್ದು ಕೊಟ್ಟರೆ ಅರ್ಧ ಗಂಟೆಯಲ್ಲಿ ಸ್ವಚ್ಛ ಮಾಡಿಕೊಡುತ್ತಿದ್ದರು. ಆದರೆ ಇದ್ದದ್ದು ಇದ್ದ ಹಾಗೆ ಎನ್ನುವವನ ಕ್ಯಾಮೆರಾದಲ್ಲಿ ಧೂಳು ಎಂಬ ಸುದ್ದಿ ಅವನಿಗಿಂತ ಮುಂಚೆ ಬಸ್ಸು ಹತ್ತಿ ಊರಿಗೆ ಬರುತ್ತಿತ್ತು. ಬುಧವಾರ ಬೆಳಗ್ಗೆ ಅಂಗಡಿಗೆ ಬೀಗ ಹಾಕಿ, ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದ.

ಮನೆಯಲ್ಲಿ ಧೂಳಿಲ್ಲದ ಜಾಗ ಯಾವುದು ಎಂದು ಹುಡುಕುವುದೇ ಒಂದು ಕೆಲಸವಾಯಿತು. ನಡುಮನೆಯಲ್ಲಿ ಫ್ಯಾನು, ಅಡಿಗೆಮನೆಯಲ್ಲಿ ಒಗ್ಗರಣೆ ಹೊಗೆ, ದೇವರ ಮೂಲೆಯಲ್ಲಂತೂ ಊದುಬತ್ತಿಯ ಬೂದಿ. ಉಳಿದದ್ದು ಬಚ್ಚಲುಮನೆ. ಬಿಸಿನೀರು ಬಿಟ್ಟು ಹಬೆ ಎಬ್ಬಿಸಿದರೆ ಗಾಳಿಯಲ್ಲಿರುವ ಧೂಳು ನೆಲ ಸೇರುತ್ತದೆ ಎಂದು ವಿಡಿಯೋದಲ್ಲಿ ಯಾರೋ ಹೇಳಿದ್ದರು. ಹಬೆ ಆರುವವರೆಗೆ ಕಾದ. ಕೊರೋನಾ ಕಾಲದ ಮಾಸ್ಕ್ ಹಾಕಿಕೊಂಡು, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಅಂಗಿಯಿಂದ ನೂಲು ಉದುರೀತೆಂದು ಬರೀ ಮೈಯಲ್ಲಿ ಮಣೆಯ ಮೇಲೆ ಕೂತ. ತಾಯಿಗೆ ಕಸ ಗುಡಿಸಬೇಡ, ಕೆಮ್ಮಬೇಡ, ಈ ಕಡೆ ಸುಳಿಯಬೇಡ ಎಂದು ತಾಕೀತು ಮಾಡಿದ್ದ. ಹಾಗೆಂದರೆ ಬಸವಲಿಂಗಮ್ಮ ಬಾರದೆ ಇರುತ್ತಾಳೆಯೇ? ಬಾಗಿಲ ಸಂದಿಯಿಂದ ಇಣುಕಿ, ಯಾರಿಗಪ್ಪ ಆಪರೇಸನ್ನು ಎಂದು ವಿಚಾರಿಸಿದಳು.

ಲೆನ್ಸ್ ಬಿಚ್ಚಿ, ಒಳಗಿನ ಕನ್ನಡಿ ಮೇಲಕ್ಕೆ ನಿಲ್ಲುವಂತೆ ಮಾಡಿ, ಕ್ಯಾಮೆರಾವನ್ನು ಬೋರಲು ಹಿಡಿದು ರಬ್ಬರ್ ಬುಗ್ಗೆಯಿಂದ ಪುಸ್ ಪುಸ್ ಎಂದು ಗಾಳಿ ಊದಿದ. ಟಾರ್ಚ್ ಹಾಕಿ ನೋಡಿದರೆ ಕಣ ಅಲ್ಲೇ ಇತ್ತು. ಬಾಯಲ್ಲಿ ಉಫ್ ಅಂದರೆ ಹೋಗುತ್ತೆ ಎಂದು ತಾಯಿ ಸಲಹೆ ಕೊಟ್ಟಳು. ಉಗುಳು ಬಿದ್ದರೆ ಒಂದು ಮಚ್ಚೆಯ ಜಾಗದಲ್ಲಿ ಸಿಡುಬೇ ಬಂದೀತೆಂದು ಗೌರೀಶ ಗದರಿದ. ಆಮೇಲೆ ಬಟ್ಟೆ ಸುತ್ತಿದ ಪುಟ್ಟ ಕಡ್ಡಿಗೆ ಲೆನ್ಸ್ ಒರೆಸುವ ದ್ರವ ಎರಡೇ ಹನಿ ಹಾಕಿ, ಉಸಿರು ಬಿಗಿಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆದ. ಕಡ್ಡಿಯ ಮಗ್ಗುಲು ತಿರುಗಿಸಿ ಆ ತುದಿಯಿಂದ ಈ ತುದಿಗೆ ಒಂದು ಸಲ ಎಳೆದ. ಉಜ್ಜುವ ಹಾಗಿಲ್ಲ, ಕೈ ನಡುಗುವ ಹಾಗಿಲ್ಲ, ಗೀಚಿದರೆ ಕ್ಯಾಮೆರಾ ಹೋದ ಹಾಗೇ. ಕಡ್ಡಿ ಹೊರಗೆ ತೆಗೆದು ನೋಡಿದಾಗ ಅದರ ತುದಿಯಲ್ಲಿ ಬೆಳ್ಳಗೆ ಒಂದು ಕಣ ಅಂಟಿತ್ತು.

ಬೆಳ್ಳಗಿದ್ದದ್ದು ನೋಡಿ ಅವನಿಗೆ ಎಲ್ಲ ನೆನಪಾಯಿತು. ಆಯುಧಪೂಜೆಯ ದಿನ ಕ್ಯಾಮೆರಾ ಬೇರೆ, ಲೆನ್ಸ್ ಬೇರೆ ಮಾಡಿ ತಟ್ಟೆಯಲ್ಲಿ ಇಟ್ಟಿದ್ದ. ಎರಡಕ್ಕೂ ಪೂಜೆ ಸಲ್ಲಲಿ ಎಂಬ ಆಸೆ. ಮುಚ್ಚಳ ಹಾಕಿರಲಿಲ್ಲ. ಬಸವಲಿಂಗಮ್ಮ ಕ್ಯಾಮೆರಾದ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದು, ಉಳಿದದ್ದನ್ನು ಕೊಡವಿದ್ದಳು. ವಿಭೂತಿ ಬೆಳ್ಳಗಿದ್ದರೇನು, ನೆರಳು ಕಪ್ಪೇ ತಾನೇ. ನೋಡಿದೆಯಾ ನಿನ್ನ ಧೂಳು ಎಂದು ಕಡ್ಡಿಯನ್ನು ತಾಯಿಯ ಮುಖಕ್ಕೆ ಹಿಡಿದ.

"ಧೂಳು ಅನ್ಬೇಡ ಕಣ್ಲಾ. ನಂಜುಂಡೇಸ್ವರನ್ ವಿಭೂತಿ ಅದು," ಎಂದು ಅವಳು ಕಡ್ಡಿಯನ್ನು ಕಣ್ಣಿಗೊತ್ತಿಕೊಂಡಳು.

ಬಿಳಿ ಗೋಡೆ ಈಗ ಬಿಳಿ ಗೋಡೆಯಾಗಿ ಬಂತು. ಗೌರೀಶನಿಗೆ ಹೋದ ಜೀವ ಬಂದಂತಾಗಿ, ಹೊಟ್ಟೆ ತುಂಬ ಮುದ್ದೆ ಉಂಡು ಮಲಗಿದ. ಕಸ ಹೋಯಿತು, ಕಥೆ ಮುಗಿಯಿತು ಎಂದುಕೊಂಡ. ಯಾರ ಕೆನ್ನೆಯ ಮೇಲಿನ ಕಥೆ ಎಂದು ಯೋಚಿಸಲಿಲ್ಲ.

ಗುರುವಾರ ಸಂಜೆ ಅರಕಲಗೂಡಿನ ಬಸ್ಸಿಳಿದು ಆರತಿ ನೆಟ್ಟಗೆ ಸ್ಟುಡಿಯೋಗೆ ಬಂದಳು. ಒಳಗೆ ಯಾರೋ ಫೋಟೋಗೆ ಕೂತಿದ್ದರಿಂದ ಹೊರಗಿನ ಬೆಂಚಿನ ಮೇಲೆ ಕಾದಳು. ಎದುರು ಗೋಡೆಯಲ್ಲಿ ದೀಪಾವಳಿಯಿಂದೀಚೆಗೆ ಹಾಕಿದ ಮಾದರಿ ಫೋಟೋಗಳಿದ್ದವು. ಗಿರಾಕಿ ಹೋದ ಮೇಲೆ ಗೌರೀಶ ಹೊರಗೆ ಬಂದರೆ, ಅವಳು ಎದ್ದು ನಿಂತು ಬೆರಳಿನಿಂದ ಒಂದೊಂದೇ ಕೆನ್ನೆ ಎಣಿಸುತ್ತಿದ್ದಳು. ಇಬ್ಬರು ವಧುಗಳು, ಒಬ್ಬ ಅರ್ಚಕರು, ಒಬ್ಬ ಪುಟ್ಟ ಹುಡುಗ, ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲಬೇಕೆಂದಿದ್ದ ಒಬ್ಬ ಗುತ್ತಿಗೆದಾರ. ಐದು ಮುಖ, ಐದು ಮಚ್ಚೆ, ಒಂದೇ ಜಾಗ. ಗಣಿತದವಳಿಗೆ ಇನ್ನೇನು ಹೇಳಬೇಕು? ಗೌರೀಶ ತಲೆ ತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನನ್ನ ಮುಖ ಸುಳ್ಳು ಅಂತ ಮೂರು ತಾಲ್ಲೂಕು ಹೇಳ್ತಿದೆ," ಎಂದಳು. "ನಿಮ್ಮ ಕ್ಯಾಮೆರಾ ಸುಳ್ಳು ಅಂತ ನೀವೊಬ್ಬರು ಹೇಳಿದ್ರೆ ಸಾಕು."

ಆಮೇಲೆ ಉಪಾಯವನ್ನೂ ಅವಳೇ ಹೇಳಿದಳು. ಕ್ಯಾಮೆರಾ ತೆಗೆದುಕೊಂಡು ಚನ್ನರಾಯಪಟ್ಟಣಕ್ಕೆ ಹೋಗಿ ಶ್ರೀರಂಗಮ್ಮನವರದೇ ಒಂದು ಫೋಟೋ ತೆಗೆದು ತೋರಿಸಿದರೆ ಮುಗಿಯಿತು, ಅವರ ಕೆನ್ನೆಯಲ್ಲೇ ಮಚ್ಚೆ ಮೂಡುತ್ತದೆ. ಗೌರೀಶ ಕೈ ಕೈ ಹಿಸುಕಿಕೊಂಡ. ನಿನ್ನೆ ತಾನೇ ಒರೆಸಿಬಿಟ್ಟೆ ಎಂದ. ಇದ್ದ ಒಂದೇ ಸಾಕ್ಷಿಯನ್ನು ಅಷ್ಟು ಅಚ್ಚುಕಟ್ಟಾಗಿ ಬಚ್ಚಲುಮನೆಯಲ್ಲಿ ಕೂತು ನಾಶ ಮಾಡಿದ ಕಳ್ಳ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಆರತಿ ಬ್ಯಾಗಿನಿಂದ ಅಂಟಿಸಿದ ಕವರೊಂದನ್ನು ತೆಗೆದು, ತಡೆದು, ಅದನ್ನು ಬಿಚ್ಚಿ ಒಳಗಿದ್ದುದರ ಹಿಂದೆ ಕೆಂಪು ಪೆನ್ನಿನಿಂದ ಏನೋ ಬರೆದು, ಮತ್ತೆ ಅಂಟಿಸಿ ಕೊಟ್ಟಳು. ಮೊದಲು ನೀವು ಬಾಯಲ್ಲಿ ಹೇಳಿ, ಅವರು ನಂಬದಿದ್ದರೆ ಮಾತ್ರ ಇದನ್ನು ತೆಗೆಯಿರಿ ಎಂದು ಹೇಳಿ ಹೋದಳು.

ಶುಕ್ರವಾರವಿಡೀ ಗೌರೀಶ ತೆಗೆದ ಧೂಳನ್ನು ಮರಳಿ ಕೂರಿಸುವ ಕೆಲಸ ಮಾಡಿದ. ಅದೇ ಬಚ್ಚಲು, ಅದೇ ಮಣೆ, ಅದೇ ವಿಭೂತಿ. ಸೂಜಿಯ ಮೊನೆಯಲ್ಲಿ ಒಂದು ಕಣ ಹಿಡಿದು ಕೆನ್ನೆಯ ಅಂದಾಜಿಗೆ ಬಿಟ್ಟರೆ ಚುಕ್ಕೆ ಭುಜದ ಪಕ್ಕದ ಗಾಳಿಯಲ್ಲಿ ಮೂಡಿತು. ಸೆನ್ಸರಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ ಎನ್ನುವುದನ್ನು ಇಪ್ಪತ್ತು ವರ್ಷದ ಅನುಭವಿ ಮರೆತಿದ್ದ. ತಿರುಗಿಸಿ ಲೆಕ್ಕ ಹಾಕಿ ಬಿಟ್ಟರೆ ಮೂಗಿನ ತುದಿಗೆ ಬಂತು. ಮೂರನೆಯ ಸಲ ತಾಯಿಯನ್ನು ಕೂರಿಸಿ ತೆಗೆದಾಗ ಹಣೆಯ ನಟ್ಟನಡುವೆ ಮೂಡಿತು. ಬಸವಲಿಂಗಮ್ಮ ಅದನ್ನು ನೋಡಿ, ಅಲ್ಲೇ ಇರ್ಲಿ ಬುಡು, ವಿಭೂತಿ ಅಣೆ ಮ್ಯಾಲಿರೋದೇ ಸರಿ ಎಂದು ತೀರ್ಪು ಕೊಟ್ಟಳು. ಗೌರೀಶ ಮತ್ತೆ ಎರಡು ಹನಿ ದ್ರವ ಹಾಕಿ ಎಲ್ಲ ಒರೆಸಿ, ಮಚ್ಚೆ ಬಿದ್ದ ಅರವತ್ತು ಮುಖಗಳನ್ನು ಒಂದೇ ಹಾಳೆಯಲ್ಲಿ ಪ್ರಿಂಟು ಹಾಕಿಕೊಂಡ.

ಶನಿವಾರ ಬ್ಯಾಂಕಿಗೆ ರಜೆ, ವಂಶಿ ಮನೆಯಲ್ಲಿರುತ್ತಾನೆ ಎಂದು ಗಂಗಾಧರಯ್ಯನನ್ನು ಮುಂದಿಟ್ಟುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದ. ವಿಷಯ ತಿಳಿದ ಗಂಗಾಧರಯ್ಯ ದಾರಿಯುದ್ದಕ್ಕೂ ಕೈ ಮುಗಿದ. ದೀಪಾವಳಿಯಿಂದೀಚೆಗೆ ಗೌರೀಶನ ಫೋಟೋ ತೋರಿಸಿ ಒಂಬತ್ತು ಸಂಬಂಧ ಕುದುರಿಸಿದ್ದನಂತೆ. ಆರು ಕಡೆ ಮಚ್ಚೆಯ ಮಾತೂ ಬಂದಿತ್ತಂತೆ. ಎಲ್ಲ ಹುಡುಗಿಯರೂ ಕಾಡಿಗೆಯಲ್ಲಿ ಒಂದು ಚುಕ್ಕೆ ಇಟ್ಟುಕೊಂಡು ಸುಧಾರಿಸಿಕೊಂಡು ಹೋಗುತ್ತಿದ್ದಾರಂತೆ. ಆ ಮೇಷ್ಟ್ರ ಮಗಳೊಬ್ಬಳು ಇಟ್ಟುಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂಬುದು ಅವನ ನೋವು.

"ನೀನು ಬಾಯ್ಬುಟ್ರೆ ನಿನ್ ಎಸ್ರು ಮಣ್ಣುಪಾಲು ಕಣೋ," ಎಂದ.

ಗೊತ್ತು ಎಂದ ಗೌರೀಶ. ಇಪ್ಪತ್ತು ವರ್ಷ ಕಟ್ಟಿದ್ದು ಅದೊಂದೇ. ಆದರೂ ಬಸ್ಸು ಇಳಿಯಲಿಲ್ಲ.

ತೆಂಗಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮನೆ. ಶ್ರೀರಂಗಮ್ಮ ಹಜಾರದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ವಂಶಿ ಬಾಗಿಲಿಗೆ ಒರಗಿ ನಿಂತಿದ್ದ. 'ಗೌರೀಶನ ಫೋಟೋ' ಎನ್ನುವ ಗೌರೀಶ ಇವನೇ ಎಂದು ತಿಳಿದು ಅಜ್ಜಿ ಬಹಳ ಗೌರವದಿಂದ ಕೂರಿಸಿ, ಕಾಫಿ ಕೊಡಿಸಿದರು. ಆ ಗೌರವದ ಕಾಫಿಯನ್ನು ಕುಡಿದು ಮುಗಿಸಿ ಗೌರೀಶ ಎಲ್ಲವನ್ನೂ ಹೇಳಿದ. ಆಯುಧಪೂಜೆ, ವಿಭೂತಿ, ಸೆನ್ಸರು, ಬಚ್ಚಲುಮನೆ, ಮೇಷ್ಟ್ರಿಗೆ ಅಡ್ಡ ನಿಂತದ್ದು, ಒಂದನ್ನೂ ಬಿಡಲಿಲ್ಲ. ಹಾಳೆ ಬಿಚ್ಚಿ ಅರವತ್ತು ಮುಖ ತೋರಿಸಿದ. ಅಜ್ಜಿ ಭೂತಗನ್ನಡಿ ಹಿಡಿದು ಮೇಲಿಂದ ಕೆಳಗಿನವರೆಗೆ ನೋಡಿದರು. ಇಷ್ಟು ಚುಕ್ಕೆ ಇಡುವುದು ಈಗಿನ ಕಂಪ್ಯೂಟರಿಗೆ ಒಂದು ರಾತ್ರಿಯ ಕೆಲಸ, ಮೇಷ್ಟ್ರ ಮೇಲಿನ ಗುರುಭಕ್ತಿ ಮಾಡಿಸಿದೆ ಎಂದರು.

"ಮೂರು ತಿಂಗಳು ಸುಳ್ಳು ಫೋಟೋ ತೆಗೆದೆ ಅಂತ ನೀನೇ ಹೇಳ್ತೀಯಪ್ಪ. ಈಗ ಮಾತ್ರ ನಿಜ ಹೇಳ್ತಿದೀಯ ಅಂತ ನಾನು ಹೇಗೆ ನಂಬಲಿ?"

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ. ಹೆಸರೂ ಹೋಯಿತು, ಬಂದ ಕೆಲಸವೂ ಆಗಲಿಲ್ಲ. ಗಂಗಾಧರಯ್ಯ, ನಾನು ಮೊದಲೇ ಬಡ್ಕೊಂಡೆ ಎನ್ನುವ ಮುಖ ಮಾಡಿದ. ಗೌರೀಶ ಜೇಬಿನಿಂದ ಕವರ್ ತೆಗೆದು ಹರಿದ.

ಒಳಗಿದ್ದದ್ದು ಅವನೇ ತೆಗೆದ ಫೋಟೋ. ನವೆಂಬರಿನಲ್ಲಿ ಗಂಗಾಧರಯ್ಯನ ಕಾನೂನಿನ ಪ್ರಕಾರ ಚನ್ನರಾಯಪಟ್ಟಣದಿಂದ ಬಂದು, ಒಂದು ದಿಂಬು ತೆಗೆಸಿಕೊಂಡು, ಆ ಕುರ್ಚಿಯಲ್ಲಿ ಕೂತಿದ್ದ ವಂಶಿಯ ಫೋಟೋ. ಸ್ಟುಡಿಯೋದಿಂದ ಚೀಲಕ್ಕೆ, ಚೀಲದಿಂದ ಮೇಷ್ಟ್ರ ಮನೆಗೆ ಹೋಗಿ, ಡಿಸೆಂಬರಿನಿಂದ ಅಲ್ಲೇ ಇದ್ದು, ಸಂಬಂಧ ಮುರಿದ ಮೇಲೆ ಹಿಂದಿರುಗಿಸಲೆಂದು ಆರತಿ ಕವರಿಗೆ ಹಾಕಿಟ್ಟಿದ್ದದ್ದು. ಎಡಗೆನ್ನೆಯ ಮೇಲೆ ಎಳ್ಳುಕಾಳಿನಷ್ಟು ಮಚ್ಚೆ.

ಗೌರೀಶ ಅದನ್ನು ಅಜ್ಜಿಯ ಕೈಯಲ್ಲಿಟ್ಟ. ಶ್ರೀರಂಗಮ್ಮ ಫೋಟೋ ನೋಡಿದರು. ಬಾಗಿಲಲ್ಲಿದ್ದ ಮೊಮ್ಮಗನನ್ನು ಹತ್ತಿರ ಕರೆದು ಗಲ್ಲ ಹಿಡಿದು ಮುಖ ನೋಡಿದರು. ಮತ್ತೆ ಫೋಟೋ ನೋಡಿದರು. ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರೆರೆದು ಬೆಳೆಸಿದ ಮುಖ ಅದು. ಈ ಸಲ ಫೋಟೋದ ಪಕ್ಷ ವಹಿಸುವ ಹಾಗಿರಲಿಲ್ಲ. ವಹಿಸಿದರೆ ಗಂಡಿಗೆ ಎಡಗೆನ್ನೆ, ಮನೆ ಮುರುಕ, ತಮ್ಮದೇ ಶಾಸ್ತ್ರ.

ಕೊನೆಗೆ ಅಜ್ಜಿ ಭೂತಗನ್ನಡಿ ಮಡಿಲಲ್ಲಿಟ್ಟುಕೊಂಡು, ಏನೂ ಆಗಿಲ್ಲವೇನೋ ಎಂಬಂತೆ, ಹಾಗಾದರೆ ಮಾಘದಲ್ಲೇ ಒಂದು ಮುಹೂರ್ತ ನೋಡಿಬಿಡೋಣ ಎಂದರು. ಅಲ್ಲಿಗೆ ಅವರ ಲೆಕ್ಕದಲ್ಲಿ ಎಲ್ಲ ಸರಿಹೋಯಿತು. ಗಂಗಾಧರಯ್ಯ ಆಗಲೇ ಚೀಲಕ್ಕೆ ಕೈ ಹಾಕಿ ಪಂಚಾಂಗ ತೆಗೆಯುತ್ತಿದ್ದ. ವಂಶಿ ಮಾತ್ರ ಅಜ್ಜಿಯ ಕೈಯಲ್ಲಿದ್ದ ಫೋಟೋದ ಹಿಂದೆ ಅಕ್ಷರ ಕಂಡು, ಅದನ್ನು ತೆಗೆದು ಗೌರೀಶನಿಗೆ ಕೊಟ್ಟು, ಓದಿ ಎಂದ. ತಾನೇ ಓದಲು ಅವನಿಗೆ ಧೈರ್ಯ ಸಾಲಲಿಲ್ಲವೆಂದು ಕಾಣುತ್ತದೆ.

ಉತ್ತರಪತ್ರಿಕೆಯ ಅಂಚಿನಲ್ಲಿ ಬರೆಯುವ ಹಾಗೆ ಪುಟ್ಟ ಅಕ್ಷರ, ಒಂದೊಂದಕ್ಕೂ ತಾರೀಖು. ಮೊದಲೆರಡು ನೀಲಿ ಶಾಯಿಯಲ್ಲಿದ್ದವು. ಗೌರೀಶ ಗಟ್ಟಿಯಾಗಿ ಓದಿದ.

"ಡಿಸೆಂಬರ್ ಹದಿನಾಲ್ಕು. ಎಡಗೆನ್ನೆಯಲ್ಲಿ ಮಚ್ಚೆ. ಗಂಡಿಗೆ ಆಗಿಬರುವುದಿಲ್ಲವಂತೆ. ನನಗೆ ಅಡ್ಡಿಯಿಲ್ಲ.

"ಜನವರಿ ಹದಿನೆಂಟು. ಎದುರಿಗೆ ನೋಡಿದೆ, ಮಚ್ಚೆ ಇಲ್ಲ. ಕಣ್ಣಿಗೆ ಕಂಡದ್ದೇ ಸರಿ, ಕೇಳಲಿಲ್ಲ. ಅಜ್ಜಿ ನನ್ನ ಕೆನ್ನೆ ಒರೆಸುವಾಗ ತಲೆ ತಗ್ಗಿಸಿದ. ಪಾಸು."

ಮೂರನೆಯದು ಕೆಂಪು ಶಾಯಿ, ಗುರುವಾರದ್ದು.

"ಜನವರಿ ಇಪ್ಪತ್ತೆರಡು. ತಲೆ ತಗ್ಗಿಸಿದ, ಬಾಯಿ ಬಿಡಲಿಲ್ಲ. ಮರುಮೌಲ್ಯಮಾಪನ."

ಗಂಗಾಧರಯ್ಯ ಪಂಚಾಂಗ ಮಡಿಚಿದ. ಇದೇನು, ಈ ಕೊನೆಯ ಮಾತಿನ ಅರ್ಥವೇನು ಎಂದು ಶ್ರೀರಂಗಮ್ಮ ಎಲ್ಲರನ್ನೂ ಕೇಳಿದರು. ವಂಶಿಯ ಮುಖ ಕಪ್ಪಿಟ್ಟಿತ್ತು. ಅವನು ಒಳಗೆ ಹೋಗಿ ಅಂಗಿ ಬದಲಾಯಿಸಿ ಬಂದು, ಅಜ್ಜಿ ರಾಹುಕಾಲ ಇನ್ನೂ ಮುಗಿದಿಲ್ಲ ಎಂದು ಕೂಗುತ್ತಿರುವಾಗಲೇ ಚಪ್ಪಲಿ ಮೆಟ್ಟಿಕೊಂಡ. ಮೂವತ್ಮೂರು ವರ್ಷದಲ್ಲಿ ಅವನು ಆ ಮನೆಯಿಂದ ಅಜ್ಜಿಗೆ ಉತ್ತರ ಕೊಡದೆ ಹೊರಟದ್ದು ಅದೇ ಮೊದಲು.

ಬಸ್‌ಸ್ಟ್ಯಾಂಡಿನವರೆಗೆ ಮೂವರೂ ನಡೆದರು. ಹೊಳೆನರಸೀಪುರದ ಬಸ್ಸಿನಲ್ಲಿ ವಂಶಿ ಗೌರೀಶನ ಪಕ್ಕದಲ್ಲೇ ಕೂತ. ಊರು ಇನ್ನೇನು ಬಂತು ಎನ್ನುವಾಗ, ಎಡಗೆನ್ನೆ ಸವರಿಕೊಳ್ಳುತ್ತ, ಮರುಮೌಲ್ಯಮಾಪನದಲ್ಲಿ ಸಾಮಾನ್ಯವಾಗಿ ಮಾರ್ಕ್ಸ್ ಏರುತ್ತಾ, ಇಳಿಯುತ್ತಾ ಎಂದು ಕೇಳಿದ.

ಸಮಾಧಾನಕ್ಕೆ ಒಂದು ಮಾತು ಹೇಳಬಹುದಿತ್ತು. ಗೌರೀಶ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ನಂಗೊತ್ತಿಲ್ಲ ಸಾ."